ಕೃತಕ ಕಾಲಿಗೆ ವಿಮೆ ನಿರಾಕರಿಸಿದರೆ: ಮೇಲ್ಮನವಿಯಲ್ಲಿ ಏನು ಬರೆಯಬೇಕು, ಷರತ್ತನ್ನು ಹೇಗೆ ಪ್ರಶ್ನಿಸಬೇಕು

ಪ್ರಶ್ನೆ: ನನ್ನ ತಮ್ಮನಿಗೆ 34 ವರ್ಷ. ಅಪಘಾತದಲ್ಲಿ ಬಲಗಾಲನ್ನು ಮಂಡಿಯ ಮೇಲೆ ತೆಗೆಯಬೇಕಾಗಿ ಬಂದು 14 ತಿಂಗಳಾಯಿತು. ಮೊದಲ ಕೃತಕ ಕಾಲಿನ ಖರ್ಚನ್ನು ವಿಮಾ ಕಂಪನಿ ಕೊಟ್ಟಿತ್ತು. ಈಗ ಸಾಕೆಟ್ (ಉಳಿದ ತೊಡೆ ಕೂರುವ ಬಟ್ಟಲಿನಂಥ ಭಾಗ) ಸಡಿಲವಾಗಿದೆ. ಇಳಿಜಾರಿನಲ್ಲಿ ಮಂಡಿ ತಟ್ಟನೆ ಮಡಚಿಕೊಂಡು ಮೂರು ಸಲ ಬಿದ್ದಿದ್ದಾನೆ. ಡಾಕ್ಟರು ಹೊಸ ಸಾಕೆಟ್ ಮತ್ತು ಮೈಕ್ರೋಪ್ರೊಸೆಸರ್ ಮಂಡಿ (ಒಳಗಿನ ಚಿಪ್ ನಿಯಂತ್ರಿಸುವ ಕೃತಕ ಮಂಡಿ) ಬರೆದುಕೊಟ್ಟರು. ಕಂಪನಿ ಎರಡನ್ನೂ ತಿರಸ್ಕರಿಸಿದೆ. ಪತ್ರದಲ್ಲಿ ಇರುವುದು ಎರಡೇ ಸಾಲು: ‘ವೈದ್ಯಕೀಯವಾಗಿ ಅಗತ್ಯವಿಲ್ಲ’, ‘ಒಂದು ಅಂಗಕ್ಕೆ ಒಂದೇ ಬಾರಿ’. ಮುಂದೇನು ಮಾಡಬೇಕು? ಇಂಥ ಷರತ್ತನ್ನೇ ತೆಗೆಸುವ ದಾರಿ ಇದೆಯೇ?

ಉತ್ತರ: ಆ ಎರಡು ಸಾಲುಗಳನ್ನು ಮೊದಲು ಬೇರೆ ಬೇರೆ ಮಾಡಿಕೊಳ್ಳಿ. ‘ವೈದ್ಯಕೀಯವಾಗಿ ಅಗತ್ಯವಿಲ್ಲ’ ಎಂಬುದು ಕಂಪನಿಯ ಪರಿಶೀಲಕರೊಬ್ಬರ ಅಭಿಪ್ರಾಯ. ಅದಕ್ಕೆ ಉತ್ತರ ವೈದ್ಯಕೀಯ ದಾಖಲೆಯಿಂದ ಬರಬೇಕು. ‘ಒಂದು ಅಂಗಕ್ಕೆ ಒಂದೇ ಬಾರಿ’ ಎಂಬುದು ಕರಾರಿನ ಷರತ್ತು. ಅದಕ್ಕೆ ಉತ್ತರ ಪಾಲಿಸಿಯ ಪದಗಳಲ್ಲೇ ಸಿಗಬೇಕು. ಷರತ್ತಿನ ಆಕ್ಷೇಪಕ್ಕೆ ಮನೆಯ ಕಷ್ಟವನ್ನೂ, ವೈದ್ಯಕೀಯ ಆಕ್ಷೇಪಕ್ಕೆ ಹಕ್ಕಿನ ಮಾತನ್ನೂ ಬರೆದ ಮೇಲ್ಮನವಿ ಎಷ್ಟೇ ನ್ಯಾಯವಾಗಿದ್ದರೂ ಸೋಲುತ್ತದೆ. ಪರಿಶೀಲಕರ ಮುಂದಿರುವ ಪಟ್ಟಿಯ ಯಾವ ಖಾನೆಯೂ ಅದರಿಂದ ತುಂಬುವುದಿಲ್ಲ.

ಎರಡನೆಯದಾಗಿ, ಸಾಕೆಟ್ಟನ್ನೂ ಮಂಡಿಯನ್ನೂ ಒಂದೇ ಕೋರಿಕೆಯಲ್ಲಿ ಕಟ್ಟಬೇಡಿ. ನಿಮ್ಮ ಪ್ರಕರಣದಲ್ಲಿ ಆಗಿರುವ ದೊಡ್ಡ ನಷ್ಟ ಇದೇ ಎಂದು ನಮಗನ್ನಿಸುತ್ತದೆ. ದುಬಾರಿ ಮಂಡಿಯ ಮೇಲೆ ಬಂದ ಆಕ್ಷೇಪ, ತಕರಾರಿಗೆ ಕಡಿಮೆ ಆಸ್ಪದವಿದ್ದ ಸಾಕೆಟ್ಟನ್ನೂ ಜೊತೆಗೆ ಎಳೆದುಕೊಂಡು ಹೋಗಿದೆ. ಪ್ರಾಸ್ಥೆಟಿಸ್ಟರಿಗೆ (ಕೃತಕ ಅಂಗ ಮಾಡಿ ಜೋಡಿಸುವ ತಜ್ಞರಿಗೆ) ಹೇಳಿ ಎರಡಕ್ಕೂ ಪ್ರತ್ಯೇಕ ಅಂದಾಜುಪಟ್ಟಿ, ಪ್ರತ್ಯೇಕ ಸಮರ್ಥನೆ ಮಾಡಿಸಿ. ಸಾಕೆಟ್ ಮೊದಲು ಮಂಜೂರಾಗಲಿ. ಸಾಕೆಟ್ ಸರಿಯಿಲ್ಲದ ಕಾಲಿಗೆ ಎಷ್ಟು ಒಳ್ಳೆಯ ಮಂಡಿ ಜೋಡಿಸಿದರೂ ಕೆಲಸ ಮಾಡುವುದಿಲ್ಲ. ಮಂಡಿಯ ಪರೀಕ್ಷೆಗಳನ್ನು ಮಾಡುವುದಕ್ಕೂ ಬಿಗಿಯಾದ ಸಾಕೆಟ್ ಬೇಕು.

ಸಾಕೆಟ್ ಯಾಕೆ ಬದಲಾಗಲೇಬೇಕು

ಶಸ್ತ್ರಚಿಕಿತ್ಸೆಯಾದ ಮೊದಲ ಒಂದು ವರ್ಷ, ಕೆಲವರಲ್ಲಿ ಒಂದೂವರೆ ವರ್ಷ, ಉಳಿದ ತೊಡೆಯ ಗಾತ್ರ ಇಳಿಯುತ್ತಲೇ ಇರುತ್ತದೆ. ಊತ ಇಳಿಯುತ್ತದೆ, ಮೊದಲಿನ ಕೆಲಸವಿಲ್ಲದ ಸ್ನಾಯುಗಳು ಸೊರಗುತ್ತವೆ. ಹಾಗಾಗಿ ಮೊದಲ ಸಾಕೆಟ್ ಸಡಿಲವಾಗುವುದು ಬಳಸಿದವರ ತಪ್ಪೂ ಅಲ್ಲ, ಮಾಡಿದವರ ತಪ್ಪೂ ಅಲ್ಲ; ಆಗಲೇಬೇಕಾದದ್ದು. ಗಾತ್ರ ಇಳಿದಷ್ಟೂ ಸ್ಟಂಪಿಗೆ, ಅಂದರೆ ಉಳಿದ ತೊಡೆಯ ಭಾಗಕ್ಕೆ, ಹಾಕುವ ಸಾಕ್ಸಿನ ಪದರ ಹೆಚ್ಚಿಸಿಕೊಳ್ಳುತ್ತಾ ಹೋಗುತ್ತಾರೆ. ಒಟ್ಟು 10ರಿಂದ 15 ಪ್ಲೈ (ಸಾಕ್ಸಿನ ದಪ್ಪದ ಅಳತೆ) ದಾಟಿದರೆ ಸಾಕೆಟ್ ಬದಲಿಸುವ ಹೊತ್ತು ಬಂತೆಂದು ಈ ವೃತ್ತಿಯಲ್ಲಿ ಲೆಕ್ಕ. ಸಾಕ್ಸ್ ಸುತ್ತಲೂ ಒಂದೇ ಸಮ ದಪ್ಪವಾಗುತ್ತದೆ, ಕಾಲು ಮಾತ್ರ ಒಂದೇ ಸಮ ಇಳಿಯುವುದಿಲ್ಲ. ಹಾಗಾಗಿ ಆಕಾರ ಕೂಡುವುದಿಲ್ಲ.

ಕೂಡದಿದ್ದರೆ ಏನಾಗುತ್ತದೆ ಎಂಬುದನ್ನು ಅರ್ಜಿಯಲ್ಲಿ ಹಂತಹಂತವಾಗಿ ಬರೆಸಿ. ತೊಡೆ ಸಾಕೆಟ್ಟಿನ ಆಳಕ್ಕೆ ಕುಸಿಯುತ್ತದೆ. ಕುಳಿತಾಗ ಭಾರ ಹೊರುವ ಮೂಳೆಗೆ ಸಿಗಬೇಕಾದ ಆಸರೆ ತಪ್ಪಿ, ಸಾಕೆಟ್ಟಿನ ಅಂಚು ತೊಡೆಸಂದಿಗೆ ಒತ್ತುತ್ತದೆ. ತುದಿಯ ಚರ್ಮದ ಮೇಲೆ ಭಾರ ಬೀಳುತ್ತದೆ. ಪ್ರತಿ ಹೆಜ್ಜೆಗೂ ಕಾಲು ಪಂಪಿನ ಹಾಗೆ ಮೇಲೆ ಕೆಳಗೆ ಆಡಿ ಚರ್ಮ ಉಜ್ಜುತ್ತದೆ, ಗುಳ್ಳೆ ಏಳುತ್ತದೆ, ಹುಣ್ಣಾಗುತ್ತದೆ. ಹುಣ್ಣಾದರೆ ವಾರಗಟ್ಟಲೆ ಕಾಲು ಹಾಕುವ ಹಾಗಿಲ್ಲ. ಅದು ಸೋಂಕಾದರೆ ಮತ್ತೆ ಆಸ್ಪತ್ರೆ. ಆ ಖರ್ಚನ್ನು ಇದೇ ಕಂಪನಿ ಕೊಡಬೇಕಾಗುತ್ತದೆ.

ಇದಕ್ಕೆ ಬೇಕಾದ ಪುರಾವೆ ಕಡಿಮೆ ಖರ್ಚಿನದು. ಸ್ಟಂಪಿನ ಸುತ್ತಳತೆಯನ್ನು ಗೊತ್ತಾದ ಮೂರು ಜಾಗದಲ್ಲಿ ಅಳೆದು, ಮೊದಲ ಅಚ್ಚು ತೆಗೆದ ದಿನದ ಅಳತೆಯ ಪಕ್ಕದಲ್ಲಿ ಬರೆಯಬೇಕು. ಬೆಳಿಗ್ಗೆ ಎಷ್ಟು ಪ್ಲೈ, ಸಂಜೆ ಎಷ್ಟು ಪ್ಲೈ ಎಂದು ಎರಡು ವಾರ ಗುರುತು ಮಾಡಬೇಕು. ಚರ್ಮ ಕೆಂಪಾದ ಜಾಗದ ಫೋಟೋ, ತಾರೀಖಿನ ಸಮೇತ. ಜೊತೆಗೆ ‘ಸಾಕೆಟ್ ಕಂಫರ್ಟ್ ಸ್ಕೋರ್’ ಎಂಬ ಒಂದೇ ಪ್ರಶ್ನೆಯ ಅಳತೆ: 0 ಎಂದರೆ ಊಹಿಸಲಾಗದಷ್ಟು ಕಷ್ಟ, 10 ಎಂದರೆ ಪೂರ್ತಿ ಹಿತ. ನಿಂತಾಗ, ಕುಳಿತಾಗ, ನಡೆದಾಗ ಬೇರೆ ಬೇರೆ ಅಂಕ ಕೇಳಿ ಬರೆಸಿ.

ಈಗ ‘ಒಂದೇ ಬಾರಿ’ ಎಂಬ ಷರತ್ತಿಗೆ ಬನ್ನಿ. ಪಾಲಿಸಿಯ ಪೂರ್ತಿ ಪ್ರತಿ ತರಿಸಿಕೊಳ್ಳಿ, ಸಾರಾಂಶದ ಎರಡು ಪುಟ ಸಾಲದು. ಅದರಲ್ಲಿ ‘ಕೃತಕ ಅಂಗ’, ‘ಬದಲಿ’, ‘ದುರಸ್ತಿ’, ‘ಹೊಂದಾಣಿಕೆ’, ‘ಭಾಗ’ ಎಂಬ ಪದಗಳಿಗೆ ಏನು ವ್ಯಾಖ್ಯೆ ಇದೆ ನೋಡಿ. ಮಿತಿ ಹಾಕಿರುವುದು ‘ಕೃತಕ ಅಂಗ’ಕ್ಕೆ ಮಾತ್ರವಾಗಿದ್ದರೆ, ಸಾಕೆಟ್ ಎರಡನೇ ಅಂಗವಲ್ಲ, ಇರುವ ಅಂಗದ ಒಂದು ಭಾಗ, ದೇಹದಲ್ಲಿ ಆದ ಬದಲಾವಣೆಗೆ ಮಾಡುವ ಹೊಂದಾಣಿಕೆ. ವ್ಯಾಖ್ಯೆಯೇ ಇಲ್ಲದಿದ್ದರೆ ಇನ್ನೂ ಒಳ್ಳೆಯದು: ಕರಾರಿನ ಪದ ಅಸ್ಪಷ್ಟವಾಗಿದ್ದಾಗ ಅದನ್ನು ಬರೆದವರಿಗೆ ವಿರುದ್ಧವಾಗಿ ಓದಬೇಕು ಎಂಬುದು ವಿಮಾ ಕಾನೂನಿನಲ್ಲಿ ಬಹಳ ಕಡೆ ಒಪ್ಪಿಕೊಂಡಿರುವ ನಿಯಮ. ಮೇಲ್ಮನವಿಯಲ್ಲಿ ಅದೇ ಪುಟದ, ಅದೇ ಕಲಮಿನ ಸಂಖ್ಯೆ ಹಾಕಿ ಇದನ್ನು ಬರೆಯಿರಿ. ಸ್ಟಂಪಿಗೂ ಸಾಕೆಟ್ಟಿಗೂ ನಡುವೆ ಹಾಕುವ ಮೆತ್ತನೆಯ ಒಳಕವಚವಾದ ಲೈನರಿಗೂ ಇದೇ ಮಾತು ಅನ್ವಯಿಸುತ್ತದೆ. ದಿನವೂ ಹಾಕುವ ಸಿಲಿಕೋನ್ ಲೈನರ್ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದೊಳಗೆ ಹರಿಯುತ್ತದೆ ಅಥವಾ ತೆಳ್ಳಗಾಗುತ್ತದೆ. ಅದನ್ನೂ ಈಗಲೇ ಕೋರಿಕೆಯಲ್ಲಿ ಸೇರಿಸಿ.

ಮಂಡಿಯ ವಿಚಾರ

ನಿಮ್ಮ ತಮ್ಮ ಬೀಳುತ್ತಿರುವುದು ಇಳಿಜಾರಿನಲ್ಲಿ. ಆ ಒಂದು ವಿವರದಲ್ಲೇ ಅರ್ಧ ವಾದ ಇದೆ. ಸರಳ ಯಾಂತ್ರಿಕ ಮಂಡಿಯಲ್ಲಿ ದೇಹದ ಭಾರದ ಗೆರೆ ಮಂಡಿ ತಿರುಗುವ ಕೀಲಿನ ಮುಂದೆ ಹಾದುಹೋಗುತ್ತಿರುವಷ್ಟು ಹೊತ್ತು ಕಾಲು ನೆಟ್ಟಗೆ ನಿಲ್ಲುತ್ತದೆ. ಗೆರೆ ಹಿಂದೆ ಸರಿದರೆ ಮಡಚಿಕೊಳ್ಳುತ್ತದೆ. ಇಳಿಯುವಾಗ ಹಿಮ್ಮಡಿ ತಾಕಿದ ಕ್ಷಣ ಗೆರೆ ಹಿಂದೆ ಹೋಗುತ್ತದೆ. ಅದನ್ನು ತಡೆಯಲು ಪ್ರತಿ ಹೆಜ್ಜೆಗೂ ಸೊಂಟದ ಸ್ನಾಯುವಿನಿಂದ ಕಾಲನ್ನು ಹಿಂದಕ್ಕೆ ಒತ್ತಿ ಹಿಡಿಯಬೇಕು. ಮನಸ್ಸು ಒಂದು ಕ್ಷಣ ಬೇರೆ ಕಡೆ ಹೋದರೆ, ಕಾಲಡಿ ಕಲ್ಲು ಸಿಕ್ಕರೆ, ಬಿದ್ದಂತೆ. ಮೈಕ್ರೋಪ್ರೊಸೆಸರ್ ಮಂಡಿಯಲ್ಲಿ ಸೆನ್ಸರುಗಳು ಭಾರ, ಕೋನ, ವೇಗವನ್ನು ಎಡೆಬಿಡದೆ ಓದುತ್ತವೆ. 1997ರಲ್ಲಿ ಬಂದ ಇಂಥ ಮಂಡಿಯಾದ ಸಿ-ಲೆಗ್ಗಿನ ಮೊದಲ ಮಾದರಿಯೇ ಸೆಕೆಂಡಿಗೆ 50 ಸಲ ಓದುತ್ತಿತ್ತು. ಎಡವಿದ್ದು ತಿಳಿದ ಕೂಡಲೇ ಹೈಡ್ರಾಲಿಕ್ ತಡೆ ಹೆಚ್ಚಿ ಮಂಡಿ ನಿಧಾನವಾಗಿ ಬಗ್ಗುತ್ತದೆ, ತಟ್ಟನೆ ಕುಸಿಯುವುದಿಲ್ಲ.

ಕಂಪನಿಯ ಪತ್ರದಲ್ಲಿ ಮುಂದೆ ‘ಪ್ರಾಯೋಗಿಕ’ ಎಂಬ ಪದ ಬಂದರೆ, ಸುಮಾರು ಮೂರು ದಶಕದಿಂದ ಬಳಕೆಯಲ್ಲಿರುವ ತಂತ್ರ ಪ್ರಾಯೋಗಿಕವಾಗಲಾರದು ಎಂದು 1997ರ ಈ ಇಸವಿಯನ್ನೇ ಹಾಕಿ ಬರೆಯಿರಿ. ‘ಅನುಕೂಲಕ್ಕಾಗಿ’ ಎಂಬ ಪದ ಬಂದರೆ ಬೀಳುವುದರ ಲೆಕ್ಕ ಕೊಡಿ.

ಆದರೆ ಈ ಮಂಡಿ ಎಲ್ಲರಿಗೂ ಸರಿಹೋಗುವುದಿಲ್ಲ, ಅದನ್ನು ಮುಚ್ಚಿಡಬೇಡಿ. ಚಾರ್ಜ್ ಮಾಡುವ ಶಿಸ್ತು ಬೇಕು, ತೂಕ ಹೆಚ್ಚು, ನೀರು ತಾಳುವ ಗುಣ ಮಾದರಿಯಿಂದ ಮಾದರಿಗೆ ಬೇರೆ. ಹಾಗಾಗಿ ಪ್ರಾಸ್ಥೆಟಿಸ್ಟರ ಮೂಲಕ ಕೆಲವು ವಾರದ ಪ್ರಯೋಗಕ್ಕೆ ಒಂದು ಮಂಡಿ ತರಿಸಿ. ಹಳೆಯ ಮಂಡಿ, ಹೊಸ ಮಂಡಿ ಎರಡರಲ್ಲೂ ಅದೇ ಪರೀಕ್ಷೆಗಳನ್ನು ಮಾಡಿಸಿ: ಕುರ್ಚಿಯಿಂದ ಎದ್ದು 3 ಮೀಟರ್ ನಡೆದು ತಿರುಗಿ ಬಂದು ಕೂರುವ ಸಮಯ, 6 ನಿಮಿಷದಲ್ಲಿ ನಡೆದ ದೂರ, ಒಂದೇ ಇಳಿಜಾರನ್ನು ಇಳಿಯಲು ಹಿಡಿದ ಸಮಯ, ಆ ವಾರಗಳಲ್ಲಿ ಬಿದ್ದ ಮತ್ತು ಬೀಳುವಂತಾದ ಎಣಿಕೆ. ಒಬ್ಬನೇ ವ್ಯಕ್ತಿಯ ‘ಮೊದಲು–ನಂತರ’ ಅಂಕಿಗಳಿಗೆ ಪರಿಶೀಲಕರು ಕೊಡುವ ಬೆಲೆ ಸಾಮಾನ್ಯ ಲೇಖನಗಳ ಕಂತೆಗೆ ಸಿಗುವುದಿಲ್ಲ.

ಕೆ-ಹಂತದ ಬಲೆ

ಕಂಪನಿಯ ಮಾನದಂಡದಲ್ಲಿ ನಡೆಯುವ ಸಾಮರ್ಥ್ಯವನ್ನು ಅಳೆಯುವ ‘ಕೆ0’ರಿಂದ ‘ಕೆ4’ವರೆಗಿನ ಹಂತಗಳು ಕಾಣಬಹುದು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 1995ರಲ್ಲಿ ತಂದ ಈ ವಿಂಗಡಣೆಯನ್ನು ಬೇರೆ ಕಡೆಯ ವಿಮೆದಾರರೂ ಎರವಲು ಪಡೆದಿದ್ದಾರೆ. ಕೆ0 ಎಂದರೆ ಕೃತಕ ಕಾಲಿನಿಂದ ನಡಿಗೆಗೆ ಉಪಯೋಗವಾಗದ ಸ್ಥಿತಿ. ಕೆ1 ಮನೆಯೊಳಗೆ ಸಮನೆಲದಲ್ಲಿ ಒಂದೇ ವೇಗದ ನಡಿಗೆ. ಕೆ2 ಹೊರಗೆ ಸ್ವಲ್ಪ ಓಡಾಟ, ಮೆಟ್ಟಿಲು, ಸಣ್ಣ ಎತ್ತರ ದಾಟುವುದು. ಕೆ3 ವೇಗ ಬದಲಿಸುತ್ತಾ ನಡೆಯಬಲ್ಲವರು, ಕೆಲಸಕ್ಕೆ ಹೋಗುವವರು. ಕೆ4 ಮಕ್ಕಳು, ಆಟಗಾರರು, ತೀವ್ರ ಚಟುವಟಿಕೆಯವರು.

ಈ ವ್ಯಾಖ್ಯೆಗಳಲ್ಲಿ ಎಲ್ಲರೂ ಮರೆಯುವ ಒಂದು ಪದವಿದೆ. ಅವು ಕೇಳುವುದು ‘ಸಾಮರ್ಥ್ಯ ಅಥವಾ ಸಾಧ್ಯತೆ’ಯನ್ನು. ಕೆಟ್ಟ ಸಾಕೆಟ್ ಹಾಕಿಕೊಂಡು, ಕುಸಿಯುವ ಮಂಡಿಗೆ ಹೆದರಿ ನಡೆಯುತ್ತಿರುವವರನ್ನು ಅಳೆದು ‘ಇವರು ಕೆ2, ಆದ್ದರಿಂದ ಒಳ್ಳೆಯ ಮಂಡಿ ಬೇಡ’ ಎನ್ನುವುದು ಸುತ್ತಿ ಬಳಸಿ ಅಲ್ಲಿಗೇ ಬರುವ ವಾದ. ಕಾಲು ಕೆಟ್ಟದ್ದು ಎಂಬ ಕಾರಣಕ್ಕೇ ಒಳ್ಳೆಯ ಕಾಲು ಇಲ್ಲವೆಂದಂತಾಯಿತು. ಇದನ್ನು ಮುರಿಯಲು ಡಾಕ್ಟರ ಪತ್ರದಲ್ಲಿ ಮೂರು ವಿಷಯ ಸ್ಪಷ್ಟವಾಗಿರಬೇಕು: ಕಾಲು ಕಳೆದುಕೊಳ್ಳುವ ಮುಂಚೆ ಏನು ಮಾಡುತ್ತಿದ್ದರು, ಈಗ ಏನು ಮಾಡುತ್ತಾರೆ, ಸರಿಯಾದ ಕಾಲು ಮತ್ತು ತರಬೇತಿ ಸಿಕ್ಕರೆ ಎಷ್ಟು ತಿಂಗಳಲ್ಲಿ ಏನು ಮಾಡಬಲ್ಲರು. ಹಂತವನ್ನು ಅಂದಾಜಿನಲ್ಲಿ ಬರೆಯದೆ ‘ಆಂಪ್ಯೂಟೀ ಮೊಬಿಲಿಟಿ ಪ್ರೆಡಿಕ್ಟರ್’ ಎಂಬ, ಕಾಲು ಕಳೆದುಕೊಂಡವರ ಚಲನೆಯ ಸಾಮರ್ಥ್ಯಕ್ಕೆ ಅಂಕ ಕೊಡುವ ಪರೀಕ್ಷೆಯಿಂದ ತೋರಿಸುವುದು ಮೇಲು. ಕೃತಕ ಕಾಲು ಹಾಕಿ ಮಾಡಿದಾಗ ಅದರ ಗರಿಷ್ಠ ಅಂಕ 47. 37ರಿಂದ 42 ಬಂದರೆ ಕೆ3. ಕಾಲು ಹಾಕದೆಯೂ ಅದನ್ನು ಮಾಡಬಹುದು, ಆಗ ಗರಿಷ್ಠ 43. ಸಾಕೆಟ್ ಕೆಟ್ಟಿರುವಾಗ ಆ ಎರಡನೇ ರೂಪವೇ ಸಾಧ್ಯತೆಯನ್ನು ಹೆಚ್ಚು ನ್ಯಾಯವಾಗಿ ತೋರಿಸುತ್ತದೆ. ಒಂದು ವೇಳೆ ಕೆ2 ಎಂದೇ ತೀರ್ಮಾನವಾದರೂ ಬಾಗಿಲು ಮುಚ್ಚಿತೆಂದು ತಿಳಿಯಬೇಡಿ. ಮೆಡಿಕೇರ್ ಕೂಡ 2024ರ ಸೆಪ್ಟೆಂಬರಿನಿಂದ ನಿರ್ದಿಷ್ಟ ಷರತ್ತುಗಳ ಮೇಲೆ ಕೆ2 ಹಂತದವರಿಗೂ ಮೈಕ್ರೋಪ್ರೊಸೆಸರ್ ಮಂಡಿ ಒಪ್ಪುತ್ತಿದೆ. ಈ ವಿಂಗಡಣೆಯನ್ನು ಎರವಲು ಪಡೆದ ಕಂಪನಿಗೆ ಆ ತಿದ್ದುಪಡಿಯನ್ನೂ ನೆನಪಿಸಿ.

ಹಂತವನ್ನು ಉಬ್ಬಿಸಿ ಬರೆಸಬೇಡಿ. ಫಿಸಿಯೋಥೆರಪಿಸ್ಟರ ಟಿಪ್ಪಣಿಯಲ್ಲಿ ‘ಎರಡು ಊರುಗೋಲಿನಲ್ಲಿ ನಡಿಗೆ’ ಎಂದಿದ್ದು, ಡಾಕ್ಟರ ಪತ್ರದಲ್ಲಿ ‘ಕೆ4’ ಎಂದಿದ್ದರೆ ಕಡತ ಅಲ್ಲಿಗೇ ನಿಲ್ಲುತ್ತದೆ. ನಿರಾಕರಣೆಗಳ ಹಿಂದೆ ನಾವು ಅತಿ ಹೆಚ್ಚು ಕಾಣುವ ಕಾರಣ ದಾಖಲೆಗಳು ಒಂದಕ್ಕೊಂದು ಹೊಂದದಿರುವುದು. ಅದರ ಮೂಲ ಎಷ್ಟೋ ಸಲ ರೋಗಿಯ ಮಾತಿನಲ್ಲೇ ಇರುತ್ತದೆ. ಡಾಕ್ಟರು ‘ಹೇಗಿದ್ದೀರಿ?’ ಎಂದರೆ ನಮ್ಮವರ ಬಾಯಲ್ಲಿ ಬರುವುದು ‘ಪರವಾಗಿಲ್ಲ ಸರ್’. ಅವರು ‘ತೊಂದರೆ ಇಲ್ಲ, ಚೆನ್ನಾಗಿ ನಡೆಯುತ್ತಿದ್ದಾರೆ’ ಎಂದು ಬರೆದುಕೊಳ್ಳುತ್ತಾರೆ. ಆರು ತಿಂಗಳ ನಂತರ ಆ ಸಾಲೇ ನಿಮ್ಮ ವಿರುದ್ಧ ಓದಲ್ಪಡುತ್ತದೆ. ಮುಂದಿನ ಭೇಟಿಗೆ ನಿಮ್ಮ ತಮ್ಮ ಒಂದು ಚೀಟಿ ಬರೆದುಕೊಂಡು ಹೋಗಲಿ: ಎಷ್ಟು ಸಲ ಬಿದ್ದೆ, ದಿನಕ್ಕೆ ಎಷ್ಟು ಗಂಟೆ ಕಾಲು ಹಾಕುತ್ತೇನೆ, ಯಾವ ಕೆಲಸ ಬಿಟ್ಟಿದ್ದೇನೆ, ಇನ್ನೊಂದು ಮಂಡಿ ಅಥವಾ ಬೆನ್ನು ನೋಯುತ್ತಿದೆಯೇ. ಅದು ಅಂದಿನ ಟಿಪ್ಪಣಿಯಲ್ಲೇ ದಾಖಲಾಗಬೇಕು. ಪ್ರಾಸ್ಥೆಟಿಸ್ಟರ ಟಿಪ್ಪಣಿ ಎಷ್ಟೇ ವಿವರವಾಗಿದ್ದರೂ ಕೆಲವು ಕಂಪನಿಗಳು ಅದನ್ನು ‘ಮಾರುವವರ ಕಾಗದ’ ಎಂದು ಪಕ್ಕಕ್ಕಿಡುತ್ತವೆ. ಅಮೆರಿಕದಲ್ಲಿ ಅದನ್ನು ವೈದ್ಯಕೀಯ ದಾಖಲೆಯ ಭಾಗವೆಂದು ಒಪ್ಪಿಸಲು 2018ರಲ್ಲಿ ಕಾನೂನೇ ಬೇಕಾಯಿತು.

ಬಿದ್ದ ಲೆಕ್ಕವನ್ನು ಇಂದಿನಿಂದಲೇ ಒಂದು ನೋಟ್ ಪುಸ್ತಕದಲ್ಲಿ ಇಡಿ. ತಾರೀಖು, ಹೊತ್ತು, ಜಾಗ, ನೆಲ ಹೇಗಿತ್ತು, ಕಾಲು ಊರುವಾಗಲೋ ಎತ್ತುವಾಗಲೋ, ಗಾಯ, ತಾನೇ ಎದ್ದನೋ ಬೇರೆಯವರು ಎಬ್ಬಿಸಿದರೋ. ಗೋಡೆ ಹಿಡಿದು ಉಳಿದುಕೊಂಡದ್ದನ್ನೂ ಬರೆಯಿರಿ. ‘ಆಗಾಗ ಬೀಳುತ್ತಾನೆ’ ಎಂಬುದು ಪುರಾವೆಯಲ್ಲ.

ಪತ್ರದಲ್ಲಿ ಏನಿರಬೇಕು

‘ರೋಗಿಯ ಜೀವನದ ಗುಣಮಟ್ಟ ಹೆಚ್ಚಿಸಲು ಅತ್ಯಾಧುನಿಕ ಮಂಡಿ ಅಗತ್ಯ’ ಎಂಬಂಥ ವಾಕ್ಯ ಯಾರ ಬಗ್ಗೆಯಾದರೂ ಬರೆಯಬಹುದಾದದ್ದು. ಅದರ ಬದಲು ಹೀಗಿರಲಿ: ‘ರೋಗಿ ಈಗಿನ ಯಾಂತ್ರಿಕ ಮಂಡಿಯಲ್ಲಿ ಎಂಟು ವಾರದಲ್ಲಿ ಮೂರು ಸಲ ಬಿದ್ದಿದ್ದಾರೆ, ಮೂರೂ ಇಳಿಜಾರಿನಲ್ಲಿ, ಹಿಮ್ಮಡಿ ಊರಿದ ಕ್ಷಣ. ಅಲೈನ್‌ಮೆಂಟ್ (ಕಾಲಿನ ಭಾಗಗಳ ಜೋಡಣೆಯ ನೇರ) ಎರಡು ಸಲ ತಿದ್ದಿ, ಇಷ್ಟು ಅವಧಿ ನಡಿಗೆ ತರಬೇತಿ ಕೊಟ್ಟ ಮೇಲೂ ಇದು ನಿಂತಿಲ್ಲ. ಊರುವ ಹಂತದಲ್ಲಿ ತಡೆ ಕೊಡುವ ಮಂಡಿಯ ಪ್ರಯೋಗದಲ್ಲಿ ಬೀಳಲಿಲ್ಲ, ಅಳತೆಗಳು ಜೊತೆಗಿವೆ. ಪಾಲಿಸಿಯ ಇಂತಿಂಥ ಕಲಮಿನ ಅಗತ್ಯದ ವ್ಯಾಖ್ಯೆಗೆ ಇದು ಹೀಗೆ ಹೊಂದುತ್ತದೆ.’ ಅವಧಿ, ಎಣಿಕೆ, ಕಲಮು ಎಲ್ಲವೂ ನಿಮ್ಮ ದಾಖಲೆಯದ್ದೇ ಆಗಿರಬೇಕು. ಕಡಿಮೆ ಬೆಲೆಯ ಪರ್ಯಾಯವನ್ನು ಪ್ರಯತ್ನಿಸಿ ಅದು ಯಾಕೆ ಸಾಲಲಿಲ್ಲ ಎಂಬ ಸಾಲನ್ನು ಬಿಡಲೇಬೇಡಿ. ಪರಿಶೀಲಕರು ಮೊದಲು ಹುಡುಕುವುದು ಅದನ್ನೇ.

ಇದಕ್ಕೂ ಮುಂಚೆ ಕಂಪನಿಗೆ ಒಂದು ಚಿಕ್ಕ ಪತ್ರ ಬರೆದು ನಾಲ್ಕು ವಸ್ತು ಕೇಳಿ: ನಿರಾಕರಣೆಗೆ ಆಧಾರವಾದ ಕಲಮು, ಬಳಸಿದ ವೈದ್ಯಕೀಯ ಮಾನದಂಡದ ಪೂರ್ತಿ ಪ್ರತಿ, ಪರಿಶೀಲಿಸಿದವರ ವಿದ್ಯಾರ್ಹತೆ ಮತ್ತು ವಿಷಯ, ನಿಮ್ಮ ಕಡತದ ನಕಲು. ಅಂಗಚ್ಛೇದನದ ಪುನಶ್ಚೇತನ ಗೊತ್ತಿಲ್ಲದ ವಿಭಾಗದ ವೈದ್ಯರು ತೀರ್ಮಾನಿಸಿದ್ದರೆ, ಅದೇ ಪರಿಣತಿಯವರಿಂದ ಮರುಪರಿಶೀಲನೆ ಕೇಳಿ. ಹಲವು ಕಡೆ ನಿಮ್ಮ ಡಾಕ್ಟರು ಕಂಪನಿಯ ಡಾಕ್ಟರೊಂದಿಗೆ ನೇರ ಮಾತಾಡುವ ಅವಕಾಶವಿರುತ್ತದೆ. ಆ ಕರೆ ಕೆಲವೇ ನಿಮಿಷದ್ದು, ಆದ್ದರಿಂದ ಬಿದ್ದ ಎಣಿಕೆ, ಪರೀಕ್ಷೆಯ ಅಂಕ, ವಿಫಲವಾದ ಪರ್ಯಾಯ ಈ ಮೂರನ್ನು ಅರ್ಧ ಹಾಳೆಯಲ್ಲಿ ಬರೆದು ಅವರ ಕೈಗೆ ಕೊಟ್ಟಿರಿ.

ಗಡುವು ನಿರಾಕರಣೆಯ ಪತ್ರದಲ್ಲೇ ಇರುತ್ತದೆ. ಅಮೆರಿಕದ ಖಾಸಗಿ ವಿಮೆಗಳಲ್ಲಿ ಒಳ ಮೇಲ್ಮನವಿಗೆ 180 ದಿನ, ಅದೂ ಸೋತ ಮೇಲೆ ಹೊರಗಿನ ಸ್ವತಂತ್ರ ಪರಿಶೀಲನೆಗೆ 4 ತಿಂಗಳು. ಬೇರೆ ಕಡೆ ಅವಧಿ ಇನ್ನೂ ಕಡಿಮೆ ಇರಬಹುದು. ಒಳ ಮೇಲ್ಮನವಿ ಸೋತಲ್ಲಿಗೆ ನಿಲ್ಲಬೇಡಿ. ಒಂಬುಡ್ಸ್‌ಮನ್ (ದೂರು ಆಲಿಸುವ ಸ್ವತಂತ್ರ ಅಧಿಕಾರಿ), ವಿಮಾ ನಿಯಂತ್ರಕರು, ಸ್ವತಂತ್ರ ಪರಿಶೀಲಕರು, ಯಾರಿದ್ದಾರೋ ಅವರ ಮುಂದೆ ಹೋದಾಗ ಕಂಪನಿಯ ಮಾತೇ ಕೊನೆಯದಾಗಿರುವುದಿಲ್ಲ. ಫೋನಿನಲ್ಲಿ ಮಾತಾಡಿದ್ದನ್ನೆಲ್ಲ ಅದೇ ದಿನ ಇಮೇಲಿನಲ್ಲಿ ‘ಇಂದು ಇಂತಿಷ್ಟು ಹೊತ್ತಿಗೆ ಹೀಗೆ ತಿಳಿಸಿದಿರಿ’ ಎಂದು ಬರೆದು ಕಳಿಸಿ.

ಷರತ್ತನ್ನೇ ಬದಲಿಸುವುದು

ಸಾಧ್ಯ, ಮತ್ತು ಆಗಿದೆ. ಅಮೆರಿಕದ ಕೊಲೊರಾಡೋ ರಾಜ್ಯ 2000ದಲ್ಲಿ ಕೃತಕ ಅಂಗಗಳ ವಿಮಾ ಸಮಾನತೆಯ, ಅಂದರೆ ವಿಮೆಯಲ್ಲಿ ಅವನ್ನು ಬೇರೆ ಚಿಕಿತ್ಸೆಗಳ ಹಾಗೆಯೇ ನೋಡಬೇಕೆನ್ನುವ, ಕಾನೂನು ತಂದಿತು. ಆಮೇಲೆ ಅದೇ ದಾರಿಯಲ್ಲಿ 20ಕ್ಕೂ ಹೆಚ್ಚು ರಾಜ್ಯಗಳು ನಡೆದವು. 2022ರಲ್ಲಿ ಮೇನ್ ರಾಜ್ಯ ಒಂದು ಹೆಜ್ಜೆ ಮುಂದೆ ಹೋಗಿ, 18 ವರ್ಷದೊಳಗಿನವರಿಗೆ ಆಟ ಮತ್ತು ವ್ಯಾಯಾಮಕ್ಕೆ ಬೇಕಾದ ಕೃತಕ ಅಂಗವನ್ನೂ ಸೇರಿಸಿತು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2006ರದು. ಅದರ 20ನೇ ವಿಧಿ ಗುಣಮಟ್ಟದ ಚಲನ ಸಾಧನಗಳು ಕೈಗೆಟುಕುವ ಬೆಲೆಗೆ ಸಿಗಬೇಕೆನ್ನುತ್ತದೆ, 25ನೇ ವಿಧಿ ಆರೋಗ್ಯ ವಿಮೆಯಲ್ಲಿ ತಾರತಮ್ಯ ಕೂಡದೆನ್ನುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2016ರ ಆದ್ಯತೆಯ 50 ಸಹಾಯಕ ಸಾಧನಗಳ ಪಟ್ಟಿಯಲ್ಲಿ ಕೃತಕ ಕಾಲು ಇದೆ. ನಿಯಂತ್ರಕರಿಗೋ ಶಾಸಕರಿಗೋ ಬರೆಯುವ ಮನವಿಗೆ ಇಷ್ಟು ಆಧಾರ ಸಾಕು.

ಎಲ್ಲಕ್ಕಿಂತ ಬಲವಾದ ವಾದ ಹೋಲಿಕೆಯದು. ಸೊಂಟದೊಳಗೆ ಕೂರಿಸಿದ ಕೃತಕ ಕೀಲು ಸವೆದರೆ ‘ಒಂದು ಸೊಂಟಕ್ಕೆ ಒಂದೇ ಬಾರಿ’ ಎಂದು ಯಾವ ಕಂಪನಿಯೂ ಹೇಳುವುದಿಲ್ಲ. ಚರ್ಮದ ಒಳಗಿದ್ದರೆ ಚಿಕಿತ್ಸೆ, ಹೊರಗಿದ್ದರೆ ಉಪಕರಣ ಎಂಬ ಗೆರೆಗೆ ವೈದ್ಯಕೀಯ ಅರ್ಥವಿಲ್ಲ. ಈ ಗೆರೆ ಬಂದದ್ದು ಪಾಲಿಸಿ ಬರೆಯುವವರ ಲೆಕ್ಕದಿಂದ. ಇದನ್ನು ಒಪ್ಪಿಕೊಂಡು ‘ಮಿತಿಯನ್ನು ಸ್ವಲ್ಪ ಹೆಚ್ಚಿಸಿ’ ಎಂದು ಬೇಡುವುದು ತಪ್ಪು ದಾರಿ ಎಂಬುದು ನಮ್ಮ ಖಚಿತ ಅಭಿಪ್ರಾಯ. ಮೊತ್ತ ಇಂದು ಹೆಚ್ಚಾದರೂ ಬೆಲೆ ಏರಿದ ಹಾಗೆ ಮತ್ತೆ ಸಾಲದಾಗುತ್ತದೆ. ಕೇಳಬೇಕಾದದ್ದು ಇದನ್ನು: ಕೃತಕ ಅಂಗಕ್ಕೆ ಬೇರೆ ಚಿಕಿತ್ಸೆಗಳಿಗಿಲ್ಲದ ಪ್ರತ್ಯೇಕ ಮಿತಿ ಇರಬಾರದು, ದುರಸ್ತಿ, ಭಾಗಗಳ ಬದಲಾವಣೆ, ದೇಹದ ಗಾತ್ರ ಬದಲಾದಾಗ ಹೊಸ ಸಾಕೆಟ್ ಸೇರಿರಬೇಕು, ಬೆಳೆಯುವ ಮಕ್ಕಳಿಗೆ ವರ್ಷಗಳ ಲೆಕ್ಕ ಹಾಕಬಾರದು, ಅಗತ್ಯವನ್ನು ನಿರ್ಧರಿಸುವಾಗ ಚಿಕಿತ್ಸೆ ಕೊಡುವ ವೈದ್ಯರ ಮಾತಿಗೆ ತೂಕವಿರಬೇಕು.

‘ಪ್ರೀಮಿಯಂ ಏರುತ್ತದೆ’ ಎಂಬ ಉತ್ತರ ಬಂದೇ ಬರುತ್ತದೆ. ಆಗ ಒಂದೇ ಅಂಕಿ ಕೇಳಿ: ಸದಸ್ಯರೊಬ್ಬರಿಗೆ ತಿಂಗಳಿಗೆ ಎಷ್ಟು? ಒಂದು ಕಾಲಿನ ಬೆಲೆ ದೊಡ್ಡದಾಗಿ ಕಾಣುತ್ತದೆ, ಆದರೆ ವಿಮೆ ಮಾಡಿಸಿದ ಸಾವಿರಾರು ಜನರಲ್ಲಿ ಅದು ಬೇಕಾಗುವವರು ಬಹಳ ಕಡಿಮೆ. ಹಂಚಿದಾಗ ಏನುಳಿಯುತ್ತದೆ ಎಂಬುದನ್ನು ಅವರ ಲೆಕ್ಕಿಗರೇ ಹೇಳಲಿ. ತಮ್ಮನದು ಉದ್ಯೋಗದಾತರು ಮಾಡಿಸಿದ ಗುಂಪು ವಿಮೆಯಾಗಿದ್ದರೆ ದಾರಿ ಇನ್ನೂ ಹತ್ತಿರ. ನವೀಕರಣದ ಎರಡು ಮೂರು ತಿಂಗಳ ಮುಂಚೆ ಸಿಬ್ಬಂದಿ ವಿಭಾಗಕ್ಕೆ ಬರೆದು, ಈ ಮಿತಿಯನ್ನು ತೆಗೆಸಿದ ದರಪಟ್ಟಿ ತರಿಸಲು ಕೇಳಿ. ನವೀಕರಣವಾದ ಮೇಲೆ ಕೇಳಿದರೆ ಒಂದು ವರ್ಷ ಕಾಯಬೇಕು.

ತೀರ್ಮಾನ ಬರುವವರೆಗೆ ನಿಮ್ಮ ತಮ್ಮ ಹಳೆಯ ಕಾಲಿನಲ್ಲೇ ಓಡಾಡಬೇಕಾಗುತ್ತದೆ. ಬೆಳಿಗ್ಗೆ ಒಮ್ಮೆ ಹಾಕಿದ ಸಾಕ್ಸಿನಲ್ಲೇ ದಿನ ಕಳೆಯದೆ, ಮಧ್ಯಾಹ್ನ ಬಿಚ್ಚಿ ನೋಡಿ ಪ್ಲೈ ಸರಿಮಾಡಿಕೊಳ್ಳಲಿ. ಇಳಿಜಾರಿನಲ್ಲಿ ಕೈಕೋಲು ಇರಲಿ. ಮಂಡಿಯ ಸ್ಕ್ರೂಗಳನ್ನು ಮನೆಯಲ್ಲಿ ತಿರುಗಿಸಬಾರದು. ಭಾರದ ಗೆರೆ ಒಂದಿಷ್ಟು ಸರಿದರೂ ಬೀಳುವುದು ಹೆಚ್ಚುತ್ತದೆ. ಕಾಲು ಬಿಚ್ಚಿ ಹತ್ತು ನಿಮಿಷವಾದರೂ ಚರ್ಮದ ಕೆಂಪು ಹೋಗದಿದ್ದರೆ, ಗುಳ್ಳೆ ಎದ್ದರೆ, ಅಂದು ಮತ್ತೆ ಹಾಕುವುದು ಬೇಡ. ಡಾಕ್ಟರಿಗೆ ತೋರಿಸಿ, ಅವರ ಟಿಪ್ಪಣಿಯ ನಕಲನ್ನು ಕಂಪನಿಗೆ ಕಳಿಸಿ, ತುರ್ತು ಪರಿಶೀಲನೆ ಎಂದು ಪದ ಹಾಕಿಯೇ ಕೇಳಿ. ಹುಣ್ಣಾದ ದಿನದಿಂದ ಸಾಕೆಟ್ಟಿನ ಕೋರಿಕೆ ಮಾಮೂಲಿ ಸಾಲಿನಲ್ಲಿ ಕಾಯಬೇಕಾದದ್ದಲ್ಲ.